ಕೊನೆಯ ಪಿರಿಯಡ್ಡಿನ ಹಲಗೆ

ನನ್ನ ಸಿಟ್ಟು ಅಪ್ಪನಿಂದ ಬಂದದ್ದು. ಅಪ್ಪ ಧಾರವಾಡದ ಕಡೆಯವರು, ವಿಶಾಖಪಟ್ಟಣದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಟೌನ್‌ಶಿಪ್ಪಿನಲ್ಲಿ ದಿನವಿಡೀ ತೆಲುಗು ಮಕ್ಕಳ ಜೊತೆ ಆಡಿ ಬಂದು, ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ನೀರು ಕೇಳಿದರೆ ಕಪಾಳಕ್ಕೆ ಬೀಳುತ್ತಿತ್ತು. "ಮನ್ಯಾಗ ಆ ಭಾಷಾ ತಂದ್ರ ಹಲ್ಲು ಉದುರಿಸ್ತೀನಿ ನೋಡು," ಎನ್ನುತ್ತಿದ್ದರು. ಒಮ್ಮೆ ನಿಜಕ್ಕೂ ಒಂದು ಹಲ್ಲು ಉದುರಿತು. "ಅದು ಮದಲ ಅಲಗಾಡತಿತ್ತ ಬಿಡ," ಎಂದು ಅವ್ವ ಇವತ್ತಿಗೂ ವಾದಿಸುತ್ತಾಳೆ.

ಅಂಥ ಮನೆಯಿಂದ ಹೋಗಿ ನಾನು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದರಲ್ಲಿ ಎಂ.ಎ.ಗೆ ಸೇರಿದೆ. ನನ್ನ ಪ್ರಬಂಧದ ವಿಷಯ, ತರಗತಿಯಲ್ಲಿ ಮಕ್ಕಳ ಹೆದರಿಕೆ. ಮನೆಮಾತಿಗೆ ಜಾಗ ಕೊಟ್ಟರೆ ಹೆದರಿಕೆ ಕರಗುತ್ತದೆ, ಇಂಗ್ಲಿಷ್ ತಾನಾಗಿ ಬಾಯಿಗೆ ಬರುತ್ತದೆ ಎಂದು ಎಂಬತ್ತು ಪುಟ ಬರೆದಿದ್ದೆ. ಉಳಿದದ್ದು ಯಾವುದಾದರೂ ಶಾಲೆಯಲ್ಲಿ ಇಪ್ಪತ್ತು ಪಾಠ ಮಾಡುವ ಅಭ್ಯಾಸ. ಪಾಠ ಮಾಡಿದ ಶಾಲೆಯ ಪ್ರಿನ್ಸಿಪಾಲರು ಸಹಿ ಹಾಕದಿದ್ದರೆ ಡಿಗ್ರಿ ಇಲ್ಲ, ಮತ್ತೊಂದು ವರ್ಷ ಕಾಯಬೇಕು. ಅಷ್ಟು ಕಾಯುವವರು ನಮ್ಮಪ್ಪನಲ್ಲ. ಡಿಗ್ರಿ ಸಿಕ್ಕರೆ ನೌಕರಿ, ಇಲ್ಲದಿದ್ದರೆ ಮದುವೆ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಶಾಲೆ ಸಿಕ್ಕಿದ್ದು ವಿಜಯವಾಡದ ಭವಾನಿಪುರಂನಲ್ಲಿ, ಆರನೆಯ ತರಗತಿ. ಅಲ್ಲೊಂದು ಪದ್ಧತಿಯಿತ್ತು. ಬೆಳಿಗ್ಗೆ ಮೊದಲು ತೆಲುಗಾಡಿದ ಮಗುವಿನ ಕೊರಳಿಗೆ ದಾರ ಕಟ್ಟಿದ ಮರದ ಹಲಗೆ ಬೀಳುತ್ತದೆ. ಆ ಮಗು ತೆಲುಗಾಡುವ ಇನ್ನೊಬ್ಬರನ್ನು ಹಿಡಿದರೆ ಹಲಗೆ ಅವರಿಗೆ ದಾಟುತ್ತದೆ. ಸಂಜೆ ಗಂಟೆ ಬಾರಿಸುವಾಗ ಅದು ಯಾರ ಕೊರಳಲ್ಲಿರುತ್ತದೋ ಅವರಿಗೆ ಐದು ಏಟು, ಕೊನೆಯ ಪಿರಿಯಡ್ಡಿನ ಟೀಚರ ಕೈಯಿಂದ. ಕೊನೆಯ ಪಿರಿಯಡ್ಡು ನನ್ನದಾಗಿತ್ತು.

ಹಲಗೆ ದಾಟಿಸುವುದಕ್ಕೆ ಮಕ್ಕಳು ಕಂಡುಕೊಂಡ ದಾರಿ ನೋಡಿ ನನಗೆ ಮೈ ಉರಿದುಹೋಯಿತು. ಪಕ್ಕದವರ ಕಾಲಿಗೆ ಕೈವಾರದ ಮೊನೆ ಚುಚ್ಚುತ್ತಿದ್ದರು. "ಅಮ್ಮಾ" ಎಂದರೆ ತೆಲುಗು, ಸಿಕ್ಕಿಬಿದ್ದಂತೆ. ಜಾಣ ಮಕ್ಕಳು "ಮಮ್ಮೀ" ಎಂದು ಅಳುವುದನ್ನು ಕಲಿತಿದ್ದರು. ಬಿಳಿ ಸಾಕ್ಸಿನ ಮೇಲೆ ರಕ್ತದ ಚುಕ್ಕೆಗಳಿಲ್ಲದ ದಿನವಿರಲಿಲ್ಲ.

ಹಾಸ್ಟೆಲಿನ ಒಬ್ಬ ಹುಡುಗಿ ಮಾತ್ರ ಯಾರನ್ನೂ ಚುಚ್ಚುತ್ತಿರಲಿಲ್ಲ. ಅನಕಾಪಲ್ಲಿಯ ಬೆಲ್ಲದ ಮಂಡಿಯಲ್ಲಿ ಅವಳ ಅಪ್ಪ ಗುಮಾಸ್ತ. ಚುಚ್ಚದವಳ ಕೊರಳಲ್ಲೇ ಹಲಗೆ ಉಳಿಯುತ್ತಿತ್ತು. ಮೂರು ಸಂಜೆ ನಾನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬೆತ್ತ ಮುಟ್ಟದೆ ಅವಳನ್ನು ಕಳಿಸಿದೆ. ಅವಳು ನನ್ನನ್ನು ನೋಡಿ ನಗಲು ಶುರುಮಾಡಿದ್ದಳು.

ನಾಲ್ಕನೆಯ ದಿನ ಪ್ರಿನ್ಸಿಪಾಲರು ಕರೆಸಿದರು. "ಪಾಠ ಮಾಡೋಕೆ ಬಂದ್ರಾ, ಮುದ್ದು ಮಾಡೋಕೆ ಬಂದ್ರಾ? ಇವತ್ತು ಬಾಗಿಲಲ್ಲಿ ನಿಂತು ನೋಡ್ತೀನಿ. ಸಹಿ ಮಾತು ಆಮೇಲೆ." ಇಷ್ಟನ್ನೂ ಅವರು ಹೇಳಿದ್ದು ತೆಲುಗಿನಲ್ಲೇ, ಟೀ ಕುಡಿಯುತ್ತ.

ಗಂಟೆ ಬಾರಿಸಿತು. ಹುಡುಗಿ ತಾನಾಗಿ ಎದ್ದು ಬಂದಳು, ಆದರೆ ಕೈ ಚಾಚಲಿಲ್ಲ. ನಾನು ಹೊಡೆಯುವವಳಲ್ಲ ಎಂಬ ಧೈರ್ಯ ಅವಳಿಗೆ. ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದೆ. ನಕ್ಕಳು. ಬಾಗಿಲಲ್ಲಿ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಆ ನಗು ನನ್ನ ಡಿಗ್ರಿಯನ್ನು ನುಂಗುತ್ತಿದೆ ಅನ್ನಿಸಿ ತಲೆ ಕೆಟ್ಟುಹೋಯಿತು.

"ಚೆಯ್ಯಿ ಚಾಪವೇ," ಎಂದು ಕಿರುಚಿದೆ. ಕೈ ಚಾಚೇ ಎಂದು, ತೆಲುಗಿನಲ್ಲಿ. ಅವಳ ಕೈಯನ್ನು ನಾನೇ ಎಳೆದು ಹೊಡೆದೆ. ಮೊದಲನೆಯದು ಅಂಗೈಗೆ, ಎರಡನೆಯದು ಬೆರಳ ಗೆಣ್ಣಿಗೆ. ಆಮೇಲೆ ಎಣಿಕೆ ತಪ್ಪಿತು. ಅವಳು "ಅಮ್ಮಾ" ಎಂದಾಗ ಇಡೀ ತರಗತಿ ಒಂದೇ ದನಿಯಲ್ಲಿ "ಮಿಸ್, ತೆಲುಗು" ಎಂದಿತು.

ಬೆತ್ತ ನಿಂತಿತು. ಹುಡುಗಿ ಮೂಗೊರೆಸಿಕೊಂಡು, ಊದಿದ ಕೈಯಿಂದಲೇ ಕೊರಳಿನ ಹಲಗೆ ತೆಗೆದು ನನ್ನೆದುರು ಹಿಡಿದಳು. ಉದ್ಧಟತನವಲ್ಲ. ಪದ್ಧತಿ ಹಾಗೇ ಇತ್ತು. ತೆಲುಗಾಡಿದವರನ್ನು ಅವಳು ಹಿಡಿದಿದ್ದಳು, ಅದೂ ಯಾರನ್ನೂ ಚುಚ್ಚದೆ.

ನಾನು ಕೊರಳು ಬಗ್ಗಿಸಬಹುದಿತ್ತು. ಬಗ್ಗಿಸಲಿಲ್ಲ. ಅವಳ ಕಪಾಳಕ್ಕೆ ಬಾರಿಸಿದೆ, ಅಪ್ಪನ ಹಾಗೇ, ಅಂಗೈ ಪೂರ್ತಿ ಬಿಚ್ಚಿ. ತುಟಿ ಒಡೆಯಿತು. ಹಲಗೆ ನೆಲಕ್ಕೆ ಬಿತ್ತು.

ಪ್ರಿನ್ಸಿಪಾಲರು ಅಲ್ಲೇ, ನನ್ನ ಮೇಜಿನ ಮೇಲೇ, ಇನ್ನೂ ಮಾಡದ ಪಾಠಗಳನ್ನೂ ಸೇರಿಸಿ ಸಹಿ ಹಾಕಿದರು. ತರಗತಿಯ ಹಿಡಿತ ಉತ್ತಮ ಎಂದು ಷರಾ ಬೇರೆ. ಮುಂದೆ ವಿಶಾಖಪಟ್ಟಣದಲ್ಲಿ ಪ್ರಬಂಧಕ್ಕೆ ಮೊದಲ ದರ್ಜೆಯೂ ಬಂತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನನ್ನ ಎಂಬತ್ತು ಪುಟಕ್ಕೆ ಅದೇ ಸರಿಯಾದ ಶೀರ್ಷಿಕೆ.

ಆ ಸಂಜೆ ನಾನು ಹಲಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೃಷ್ಣಾ ನದಿಗೆ ಎಸೆದೆ. ಮಹಾ ಸಾಹಸ. ಮರುದಿನ ಬೆಳಿಗ್ಗೆ ಹೊಸದೊಂದು ಬಂದಿತ್ತು, ಹಳೆಯದಕ್ಕಿಂತ ದಪ್ಪ.

ಮಧ್ಯಾಹ್ನ ಆ ಹುಡುಗಿ ನಲ್ಲಿಯ ಹತ್ತಿರ ಒಬ್ಬಳೇ ಸಿಕ್ಕಳು. ತುಟಿ ಊದಿ ಕಪ್ಪಾಗಿತ್ತು. ನಾನು ಬಗ್ಗಿ, ತಗ್ಗಿದ ದನಿಯಲ್ಲಿ, ಅವಳ ಭಾಷೆಯಲ್ಲೇ ನೋಯುತ್ತಿದೆಯಾ ಎಂದು ಕೇಳಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಸುತ್ತ ನೋಡಿ, ನೆಟ್ಟಗೆ ನಿಂತಳು.

"ನೋ, ಮಿಸ್," ಎಂದಳು.