ಅಪ್ಪನ ಲೆನ್ಸಿಗೊಂದು ಬಳೆ

ನನ್ನ ಹೊಸ ಕ್ಯಾಮೆರಾಕ್ಕೆ ಅಪ್ಪನ ಹಳೆಯ ಲೆನ್ಸನ್ನು ಜೋಡಿಸಿದಾಗಲೆಲ್ಲ ಪರದೆಯ ಮೇಲೆ 'ಲೆನ್ಸ್ ಇಲ್ಲ' ಎಂಬ ಒಕ್ಕಣೆ ಮೂಡುತ್ತದೆ. ಅಷ್ಟು ಭಾರದ ಗಾಜನ್ನು ಕೊರಳಿಗೆ ಕಟ್ಟಿಕೊಂಡು ನಿಂತ ಯಂತ್ರವೊಂದು ಹೀಗೆ ಸಾರಾಸಗಟಾಗಿ ನಿರಾಕರಿಸುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಪ್ಪೆಲ್ಲ ಇವೆರಡರ ನಡುವೆ ಕೂತ ಅಡಾಪ್ಟರಿನದು. ನನ್ನ ಹೆಂಡತಿ ಅದನ್ನು ಬಳೆ ಎನ್ನುತ್ತಾಳೆ. ಲೆನ್ಸನ್ನು ಹಿಡಿದಿಡುವುದಷ್ಟೇ ಅದಕ್ಕೆ ಗೊತ್ತು. ಅದರ ಸಮಾಚಾರವನ್ನು ಕ್ಯಾಮೆರಾಕ್ಕೆ ಮುಟ್ಟಿಸಲು ಬಾರದು.

ಭಾರಕ್ಕೆ ಕ್ಯಾಮೆರಾದ ಬಾಯಿಯೇ ಸಡಿಲವಾದೀತು, ಅಗ್ಗದ ಬಳೆ ಅಳತೆ ತಪ್ಪಿದ್ದರೆ ಪಟ ಕೆಟ್ಟೀತು ಎಂದು ಸಾಗರದ ಸ್ನೇಹಿತರು ಎಚ್ಚರಿಸಿದ್ದರು. ನೀವಾಗಿದ್ದರೆ ಕೇಳುತ್ತಿದ್ದಿರೇನೋ, ನನಗೆ ಅಪ್ಪನ ಲೆನ್ಸೆಂಬ ಜಂಬ. ಹಿತ್ತಲಿನ ಹೂಕುಂಡಗಳ ಮೇಲೆ ಪ್ರಯೋಗಿಸಿ ಬೀಗುತ್ತಿದ್ದೆ.

ಹೊಸನಗರದಲ್ಲಿರುವ ಸೋದರತ್ತೆಯ ಮನೆಗೆ ಪೂಜೆಗೆಂದು ನೆಂಟರೆಲ್ಲ ಸೇರಿದ್ದರು. ಅತ್ತೆಯ ಮದುವೆಗೆ ಮೊದಲು ಅಪ್ಪ ಇದೇ ಲೆನ್ಸಿನಲ್ಲಿ ತೆಗೆದ ಅವರ ಪಟ ಕೋಣೆಯಲ್ಲಿ ಇನ್ನೂ ಇದೆ. ಎಲ್ಲರ ಜೊತೆ ಒಂದು ಪಟ ಅಣ್ಣನ ಲೆನ್ಸಿನಲ್ಲೇ ಆಗಬೇಕೆಂದು ಅವರ ಹಟ. ಬೆಳಗಾದರೆ ತೀರ್ಥಹಳ್ಳಿಯವರೂ ತುಮರಿಯವರೂ ಹೊರಟುಬಿಡುವವರು. ಇಳಿಬಿಸಿಲಿನ ಆಸೆಗೆ ನಾನು ಸಂಜೆಯನ್ನೇ ಗೊತ್ತುಮಾಡಿದೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕೆಂಬುದನ್ನು, ಜೈನರ ಮನೆಯಲ್ಲೇ ಹುಟ್ಟಿ ಬೆಳೆದ ಈ ಮಹಾನುಭಾವ ಮರೆತೇಬಿಟ್ಟಿದ್ದ!

ಎಲ್ಲರನ್ನೂ ಮನೆಯ ಪಕ್ಕದ ಬಸದಿಯ ಮೆಟ್ಟಿಲ ಮೇಲೆ ನಿಲ್ಲಿಸಿ ದೂರ ಸರಿದೆ. ಲೆನ್ಸನ್ನು ಎಷ್ಟು ತಿರುಗಿಸಿದರೂ ಮುಖಗಳೆಲ್ಲ ಮಸುಕು. ಬಳೆ ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿತ್ತು. ಅಷ್ಟಕ್ಕೇ ಲೆನ್ಸಿಗೆ ಹತ್ತಿರದ್ದು ಮಾತ್ರ ಕಂಡು ದೂರದ್ದು ಕಾಣದಾಗಿತ್ತು, ಥೇಟ್ ನನ್ನ ಹಾಗೆ. ನಾನು ಗುದ್ದಾಡುತ್ತಿರುವಾಗಲೇ ಬಿಸಿಲು ಜಾರಿತು. ಮನೆಯಲ್ಲಿ ಎಲೆ ಹಾಕಿದ್ದರು. ಹೊತ್ತು ಮುಳುಗಿದರೆ ಅತ್ತೆ ಬೆಳಗಿನ ತನಕ ಹನಿ ನೀರೂ ಮುಟ್ಟುವವರಲ್ಲ, ಮಾತ್ರೆಯ ಮೇಲಿರುವ ಜೀವ. ಆದರೂ ಮೆಟ್ಟಿಲಿನಿಂದ ಕದಲಲಿಲ್ಲ.

"ಅಣ್ಣಂಗೂ ಹಿಂಗೇ ತಡ ಆಗ್ತಿತ್ತು. ಒಂದಿನ ಉಪವಾಸ ಇದ್ರೆ ಎಂತ ಆಗಲ್ಲ, ನೀ ತೆಗಿ" ಎಂದರು.

ಪಟ ಹಾಳಾಗಿ ಹೋಗಲಿ ಎಂದು ಎಲ್ಲರನ್ನೂ ಊಟಕ್ಕೆ ಹೊರಡಿಸಿದೆ. ಪಂಕ್ತಿಯ ಮೊದಲ ಎಲೆ ಅತ್ತೆಯದು. ಬಾಗಿಲಿಂದ ಬಂದ ಕೊನೆಯ ಬಿಸಿಲು ಅವರ ಮುಖದ ಮೇಲೇ ಬಿದ್ದಿತ್ತು. ಲೆನ್ಸಿನ ಭಾರವನ್ನು ಎಡ ಅಂಗೈಯಲ್ಲಿ ಹೊತ್ತು ಹತ್ತಿರದಲ್ಲೇ ಮಂಡಿಯೂರಿದೆ. ಅವರು ತುತ್ತೆತ್ತುವ ಮುನ್ನ ನನ್ನತ್ತ ನೋಡಿ ನಕ್ಕರು, ಗುಂಡಿ ಒತ್ತಿದೆ.

ಪಟ ಅಚ್ಚಾಗಿ ಬಂದ ದಿನ ಅತ್ತೆ ಬಹಳ ಹೊತ್ತು ನೋಡಿದರು. ಅವರ ಮುಖದ ಒಂದೊಂದು ಗೆರೆಯೂ ಸ್ಪಷ್ಟ. ಹಿಂದೆ ಸಾಲಾಗಿ ಕೂತವರೆಲ್ಲ ಬರೀ ಮಸುಕು. ಆ ಮಸುಕುಗಳ ಮೇಲೆ ಬೆರಳಿಟ್ಟು, ಬಾಗಿ ಉಣ್ಣುವವನು ಇಂಥವನು, ಪಕ್ಕದವಳ ಜೊತೆ ಮಾತಿಗಿಳಿದವಳು ಇಂಥವಳು ಎಂದು ಒಬ್ಬರನ್ನೂ ಬಿಡದೆ ಹೆಸರಿಸಿದರು. ಆಮೇಲೆ, "ಅಣ್ಣ ತೆಗ್ದಂಗೇ ಬಂದಿದೆ ಕಣೋ" ಎಂದರು.

ಈಗ ಆ ಪಟ ಅಪ್ಪ ತೆಗೆದ ಪಟದ ಪಕ್ಕದಲ್ಲೇ ತೂಗುತ್ತಿದೆ. ಬಳೆಯನ್ನು ನಾನು ಬದಲಿಸಿಲ್ಲ, ಅದರ ಅಪಾಯಗಳೂ ಹಾಗೇ ಇವೆ. ಇಂದು ಬೆಳಿಗ್ಗೆಯೂ ಕ್ಯಾಮೆರಾ 'ಲೆನ್ಸ್ ಇಲ್ಲ' ಎಂದಿತು. ಅದಕ್ಕೇನು ಗೊತ್ತು, ಅನ್ನಲಿ ಬಿಡಿ.