ಮಾಮಿಯ ಮೂಗು, ಡೈರಿಯ ವಾರ

ನಮ್ಮ ಮನೆಯಲ್ಲಿ ಹಾಲು ಹಾಳಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಒಂದೇ ಒಂದು ಮೂಗಿಗಿತ್ತು. ಅದು ನನ್ನ ಅತ್ತೆಯ ಮೂಗು. ತುಳು ಮಾತಾಡುವ ಮನೆಯಾದ್ದರಿಂದ ನಾನು ಅವರನ್ನು ಮಾಮಿ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಕಾವೂರಿನ ಆ ಮನೆಗೆ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಬಿ.ಎಸ್ಸಿ. ಪಾಸಾದವಳು, ಕೆಮಿಸ್ಟ್ರಿಯಲ್ಲಿ ಒಳ್ಳೆಯ ಮಾರ್ಕು ತೆಗೆದವಳು ಎಂಬ ಜಂಬ ಬೇರೆ. ಬಂದ ಮೂರನೆಯ ದಿನ ಬೆಳಿಗ್ಗೆ ಹಾಲಿನ ಪಾತ್ರೆಯ ಮುಚ್ಚಳ ತೆಗೆದು, "ಇದು ಸರಿ ಉಂಟು, ಕಾಯಿಸಬಹುದು" ಎಂದು ನಾನೇ ಹೇಳಿಬಿಟ್ಟೆ. ಮಾಮಿ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಂದು ಹೊಳ್ಳೆ ಒತ್ತಿ, ಕಣ್ಣು ಮುಚ್ಚಿ, ಇನ್ನೊಂದು ಹೊಳ್ಳೆಯಿಂದ ಉಸಿರೆಳೆದು, ಆಮೇಲೆ ಹೇಳಿದರು: "ಆದೀತು, ಕಾಯಿಸಬಹುದು." ನಾನು ಹೇಳಿದ್ದೇ. ಆದರೆ ನಾನು ಹೇಳಿದ್ದು ಅಭಿಪ್ರಾಯ, ಅವರು ಹೇಳಿದ್ದು ತೀರ್ಪು.

ತೀರ್ಪುಗಳು ಮೂರೇ ಇದ್ದವು. "ಆದೀತು" ಎಂದರೆ ಬಳಸಬಹುದು. "ಇವತ್ತೇ ಮುಗಿಸಿ" ಎಂದರೆ ನಾಳೆಗೆ ಇಡಬಾರದು. ಮೂರನೆಯದು "ತೆಂಗಿನ ಬುಡಕ್ಕೆ". ಬಾವಿಯ ಪಕ್ಕದಲ್ಲಿದ್ದ ಆ ತೆಂಗಿನಮರ ಎಷ್ಟು ಹಾಲು, ಮೊಸರು, ಬೆಣ್ಣೆ ತಿಂದಿತ್ತೋ ದೇವರೇ ಬಲ್ಲ. ನಮಗಿಂತ ಅದೇ ಚೆನ್ನಾಗಿ ಉಂಡು ಬೆಳೆಯಿತು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು, ಅದೂ ಮಾಮಿ ಕೇಳಿಸಿಕೊಳ್ಳದಷ್ಟು ದೂರದಲ್ಲಿ ನಿಂತು.

ಗಂಡನಿಗೆ ಪೇಟೆಯಲ್ಲಿ ಸಣ್ಣದೊಂದು ಊಟದ ಹೋಟೆಲು ಇತ್ತು. ಅದರ ಹಾಲು ಮೊಸರಿಗೂ ಇದೇ ನ್ಯಾಯಾಲಯ. ಅವರು ಮುಂಜಾನೆ ಐದಕ್ಕೆ ಹೋಗಿ ಹೋಟೆಲು ತೆರೆದು, ಏಳು ಗಂಟೆಗೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದರು. ಕೈಯಲ್ಲಿ ಸ್ಟೀಲಿನ ಮುಚ್ಚಳದ ಪಾತ್ರೆ. ಅದರಲ್ಲಿ ಆ ದಿನದ ಮೊಸರೋ ಬೆಣ್ಣೆಯೋ ಒಂದಿಷ್ಟು ಸ್ಯಾಂಪಲ್. ಮಾಮಿ ಮುಖ ತೊಳೆದು, ಕುಂಕುಮ ಇಟ್ಟು, ಜಗಲಿಯ ಬೆಂಚಿನಲ್ಲಿ ಕಾದಿರುತ್ತಿದ್ದರು. ಮೂಸಿ ತೀರ್ಪು ಕೊಟ್ಟ ಮೇಲೆಯೇ ಗಂಡ ಚಾ ಕುಡಿದು ಹಿಂದಿರುಗುವುದು. ನಾಲ್ಕು ಮೈಲಿ ಬಂದು ನಾಲ್ಕು ಮೈಲಿ ಹೋಗುವುದು, ಮೂಗಿನ ಒಂದು ಎಳೆತಕ್ಕೆ. ನನಗೆ ನಗು ಬರುತ್ತಿತ್ತು, ಆದರೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದೆ.

ಒಮ್ಮೆ ಮಾತ್ರ ಕೇಳಿದ್ದೆ. "ಇದೆಲ್ಲ ಯಾಕೆ? ಹೋಟೆಲಿನಲ್ಲಿ ಯಾರಿಗೂ ಮೂಗು ಇಲ್ಲವಾ?"

ಗಂಡ ಹೇಳಿದರು: "ಒಂದು ಕಾಲದಲ್ಲಿ ನಮ್ಮ ಹಟ್ಟಿಯಲ್ಲಿ ಹದಿನಾಲ್ಕು ದನ ಇತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂತು, ಗದ್ದೆ ಹೋಯಿತು. ಗದ್ದೆ ಹೋದ ಮೇಲೆ ದನ ಹೋಯಿತು. ಅಮ್ಮನ ಹತ್ತಿರ ಈಗ ಉಳಿದದ್ದು ಅದೊಂದೇ. ಇರಲಿ ಬಿಡು ಮಾರಾಯ್ತಿ." ಅದರ ಮೇಲೆ ನಾನು ಆ ಮಾತು ಎತ್ತಲಿಲ್ಲ.

ಎಂಬತ್ತರ ಆಚೀಚೆ ಎರಡು ವಸ್ತುಗಳು ಮನೆಗೆ ಬಂದವು. ಒಂದು ಫ್ರಿಜ್ಜು. ಇನ್ನೊಂದು ಡೈರಿಯ ಪ್ಯಾಕೆಟ್ ಹಾಲು, ಮೈಮೇಲೆ ವಾರದ ಹೆಸರು ಅಚ್ಚಾಗಿದ್ದ ಪ್ಲಾಸ್ಟಿಕ್ ಪ್ಯಾಕೆಟ್. ನನಗೆ ಆನೆಬಲ ಬಂತು. ಅಚ್ಚಿನ ಅಕ್ಷರಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಒಂದು ಗುರುವಾರ, ಮಂಗಳವಾರದ ಪ್ಯಾಕೆಟ್ ಒಂದು ಫ್ರಿಜ್ಜಿನ ಮೂಲೆಯಲ್ಲಿ ಸಿಕ್ಕಿತು. ನಾನು ಅದನ್ನು ಚೆಲ್ಲಲು ಹೊರಟೆ. ಮಾಮಿ ತಡೆದರು. ಕತ್ತರಿಸಿ, ಮೂಸಿ, "ಆದೀತು" ಎಂದರು.

"ವಾರ ದಾಟಿದೆ ಮಾಮಿ. ಬರೆದದ್ದು ಉಂಟಲ್ಲ."

"ಎಂತ, ಇನ್ನು ಓದು ಬರುವವರು ಮಾತ್ರ ಹಾಲು ಕುಡಿಯುವುದಾ? ವಾರ ಬರೆದದ್ದು ಮೂಗು ಇಲ್ಲದವರಿಗೆ."

ಆ ಹಾಲಿನಲ್ಲಿ ಮಾಡಿದ ಚಾ ಎಲ್ಲರೂ ಕುಡಿದರು. ನಾನು ತಲೆನೋವು ಎಂದು ಬಿಟ್ಟೆ. ಸಂಜೆಯವರೆಗೆ ಯಾರಿಗಾದರೂ ಸ್ವಲ್ಪವಾದರೂ ಹೊಟ್ಟೆನೋವು ಬರಲಿ ಎಂದು ಕಾದದ್ದನ್ನು ಈಗ ಒಪ್ಪಿಕೊಳ್ಳುತ್ತೇನೆ. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಚಾ ಇಲ್ಲದೆ ನಿಜವಾಗಿಯೂ ತಲೆನೋವು ಬಂತು.

ಇದಕ್ಕೆ ತದ್ವಿರುದ್ಧವಾಗಿ, ಗಲ್ಫಿನಿಂದ ರಜೆಗೆ ಬಂದ ನೆಂಟರೊಬ್ಬರು ಚೀಸಿನ ಡಬ್ಬಿಯೊಂದನ್ನು ಕೊಟ್ಟುಹೋದರು. ಇನ್ನೂ ಎರಡು ವರ್ಷ ಇಡಬಹುದು ಎಂದು ಅದರ ಮೇಲೆ ಬರೆದಿತ್ತು. ಡಬ್ಬಿ ತೆರೆದ ಕೂಡಲೇ ಮಾಮಿ ಮುಖ ಕಿವುಚಿ, "ಇದು ಸತ್ತು ಎಷ್ಟು ದಿನ ಆಯಿತು?" ಎಂದು ಕೇಳಿದರು. ಎರಡು ವರ್ಷ ಆಯುಷ್ಯವಿದ್ದ ಚೀಸು ಹದಿನೈದು ನಿಮಿಷದಲ್ಲಿ ತೆಂಗಿನ ಬುಡ ಸೇರಿತು.

ಹೀಗೆ ಐದಾರು ವರ್ಷ ನಾನು ಸೋಲುತ್ತಲೇ ಬಂದೆ. ಆಮೇಲೆ ಒಂದು ಮಳೆಗಾಲದಲ್ಲಿ ಮಾಮಿಗೆ ಜ್ವರ ಬಂತು. ಶೀತ, ಕೆಮ್ಮು, ಮೂರು ವಾರ ಹಾಸಿಗೆ. ಎದ್ದ ಮೇಲೆ ಅವರಲ್ಲಿ ಒಂದು ಹೊಸ ಅಭ್ಯಾಸ ಕಂಡಿತು. ಬೆಳಿಗ್ಗೆ ಗೇಟಿನಲ್ಲಿ ಪ್ಯಾಕೆಟ್ ಬಿದ್ದ ಕೂಡಲೇ ನನಗಿಂತ ಮೊದಲು ಹೋಗಿ ಎತ್ತಿಕೊಂಡು ಬರುವುದು. "ಆರಾಮ ಮಾಡಿ ಮಾಮಿ, ನಾನು ತರ್ತೇನೆ" ಎಂದರೆ, "ಕೈಕಾಲು ಆಡಬೇಕು ಮಗಾ" ಎನ್ನುವರು. ಇಷ್ಟು ವರ್ಷ ಆಡದ ಕೈಕಾಲು ಈಗ ಯಾಕೆ ಎಂದು ನನಗೆ ಗುಮಾನಿ.

ಒಂದು ದಿನ ಕಿಟಕಿಯಿಂದ ನೋಡಿದೆ. ಮಾಮಿ ಗೇಟಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಸೆರಗಿನ ಗಂಟಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪ್ಯಾಕೆಟನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಾರೆ. ಬುಧ, ವಾರ. ಕನ್ನಡಕ ಮತ್ತೆ ಸೆರಗಿಗೆ ಹೋಯಿತು. ಒಳಗೆ ಬಂದು, ಕತ್ತರಿಸಿ, ಹೊಳ್ಳೆ ಒತ್ತಿ, ಕಣ್ಣು ಮುಚ್ಚಿ, "ಇದು ಇವತ್ತಿನದ್ದೇ, ಆದೀತು" ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ನಾನು ಸ್ಟೋರ್ ರೂಮಿಗೆ ಹೋಗಿ ಬಾಯಿಗೆ ಸೆರಗು ಒತ್ತಿ ನಕ್ಕೆ. ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ, ನನ್ನ ಕಾಲ ಬಂತು ಎಂದುಕೊಂಡೆ.

ಪರೀಕ್ಷೆ ಮಾಡದೆ ಇರಲು ನನ್ನಿಂದಾಗಲಿಲ್ಲ. ಭರಣಿಯ ತಳದಲ್ಲಿ ಕಮಟು ಹಿಡಿದ ಹಳೆಯ ಬೆಣ್ಣೆ ಇತ್ತು. ಮೂಗು ಇರುವ ಯಾರಾದರೂ ಒಂದು ಮಾರು ದೂರ ಸರಿಯುವಂಥದ್ದು. ಒಂದು ಬಟ್ಟಲಲ್ಲಿ ಹಾಕಿ, "ಮಾಮಿ, ಇದನ್ನು ಕಾಯಿಸಿ ತುಪ್ಪ ಮಾಡಬಹುದಾ ನೋಡಿ" ಎಂದು ಹಿಡಿದೆ. ಅವರು ಮೂಸಿದರು. ಇನ್ನೊಮ್ಮೆ ಮೂಸಿದರು. ಬಟ್ಟಲಿನ ಮೇಲೆ ಯಾವ ವಾರವೂ ಬರೆದಿರಲಿಲ್ಲ. ಕಣ್ಣು ತೆರೆದು ನನ್ನ ಮುಖ ನೋಡಿದರು. ಅಲ್ಲಿ ಏನಾದರೂ ಬರೆದಿದೆಯೇ ಎಂದು ಹುಡುಕುವ ಹಾಗೆ ನೋಡಿದರು. ಆ ಕಣ್ಣಿನಲ್ಲಿದ್ದದ್ದು ಹೆದರಿಕೆ. ನನಗೆ ನಾಚಿಕೆಯಾಯಿತು. ಇಂಥ ಕೆಲಸ ಮಾಡಲು ಬಿ.ಎಸ್ಸಿ. ಓದಬೇಕಿತ್ತೇ? "ನಂಗೆ ಯಾಕೋ ಕಮಟು ಬಂದ ಹಾಗೆ ಕಾಣ್ತದೆ" ಎಂದೆ ಮೆಲ್ಲಗೆ. "ಹೌದು, ಅದನ್ನೇ ಹೇಳಲಿಕ್ಕಿದ್ದೆ. ತೆಂಗಿನ ಬುಡಕ್ಕೆ" ಎಂದರು ಮಾಮಿ.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಏರ್ಪಾಟು ಆಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಗಂಡ ತಂದ ಪಾತ್ರೆಯನ್ನು ನಾನು ಅಡುಗೆಮನೆಗೆ ಒಯ್ದು, ಚಮಚ ಹುಡುಕುವ ನೆಪದಲ್ಲಿ ಮೂಸಿ, ಆಮೇಲೆ ಮಾಮಿಗೆ ಕೊಡುವುದು. ಚೆನ್ನಾಗಿದ್ದರೆ ಚಮಚ ಪಾತ್ರೆಯೊಳಗೆ ಇರುತ್ತದೆ. ಕೆಟ್ಟಿದ್ದರೆ ಚಮಚ ಇಲ್ಲ. ಎರಡೇ ದಿನದಲ್ಲಿ ಮಾಮಿಗೆ ಅರ್ಥವಾಯಿತು. ಮೂಗಿನ ಕೆಲಸ ನನ್ನದು, ಹೆಸರು ಅವರದ್ದು. "ಅಮ್ಮನ ಮೂಗು ಜ್ವರದ ನಂತರ ಇನ್ನೂ ಚುರುಕಾಗಿದೆ" ಎಂದು ಗಂಡ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದರು. ನನಗೆ ಒಳಗೊಳಗೇ ಉರಿಯುತ್ತಿತ್ತು, ಆದರೂ ಚಮಚ ತಪ್ಪಿಸಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ನನ್ನ ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿ, ನಾನು ನಾಲ್ಕು ದಿನಕ್ಕೆಂದು ವಾಮಂಜೂರಿನ ತವರುಮನೆಗೆ ಹೋದೆ. ನಾನಿಲ್ಲದ ಮೊದಲ ಎರಡು ದಿನ ಮಾಮಿ ಮೊಸರು, ಬೆಣ್ಣೆ ಎಲ್ಲದಕ್ಕೂ "ತೆಂಗಿನ ಬುಡಕ್ಕೆ" ಎಂದರಂತೆ. ಮೂರನೆಯ ದಿನ ಮಂಗಳವಾರ ಹಾಗೆ ಹೇಳುವಂತಿರಲಿಲ್ಲ. ಹೋಟೆಲಿನಲ್ಲಿ ಒಂದು ನಿಶ್ಚಿತಾರ್ಥದ ಊಟ, ನೂರು ಎಲೆ, ಹಾಲುಪಾಯಸ ಆಗಲೇಬೇಕು. ಲಾರಿ ಮುಷ್ಕರದಿಂದ ಸೋಮವಾರವೂ ಹಾಲು ಬಂದಿರಲಿಲ್ಲ, ಅಂದೂ ಬರಲಿಲ್ಲ. ಹೋಟೆಲಿನ ಫ್ರಿಜ್ಜಿನಲ್ಲಿದ್ದದ್ದೆಲ್ಲ ಭಾನುವಾರದ ಪ್ಯಾಕೆಟ್. ಗಂಡ ಅದರಲ್ಲಿ ಒಂದನ್ನು ಪಾತ್ರೆಗೆ ಸುರಿದು ತಂದು, "ಅಮ್ಮ, ಇದು ಆದೀತಾ? ಚೆಲ್ಲಿದರೆ ಪಾಯಸ ಇಲ್ಲ, ಕೆಟ್ಟದ್ದು ಹಾಕಿದರೆ ನಾಳೆ ಹೋಟೆಲಿಗೆ ಬೀಗ" ಎಂದರು.

ಮಾಮಿ ಪಾತ್ರೆ ತೆಗೆದುಕೊಂಡರು. "ಇಟ್ಟು ಹೋಗು. ಹತ್ತು ಗಂಟೆಯೊಳಗೆ ಹೇಳಿ ಕಳಿಸ್ತೇನೆ."

ಅಂದು ಬೆಳಿಗ್ಗೆ ಹತ್ತೂವರೆಗೆ ವಾಮಂಜೂರಿನ ನಮ್ಮ ಅಂಗಳದಲ್ಲಿ ಮಾಮಿ ನಿಂತಿದ್ದರು. ಮದುವೆಯ ನಂತರ ನನ್ನ ತವರಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮುಖವೆಲ್ಲ ಬೆವರು, ಎರಡೂ ಕೈಯಲ್ಲಿ ಅವುಚಿ ಹಿಡಿದ ಸ್ಟೀಲಿನ ಪಾತ್ರೆ. ಮುಚ್ಚಳದ ಸುತ್ತ ಬಟ್ಟೆ ಬಿಗಿದಿತ್ತು. ಅಮ್ಮನಿಗೆ ಕಣ್ಣಿಗೆ ಪಟ್ಟಿ ಇದ್ದದ್ದು ಒಳ್ಳೆಯದಾಯಿತು. ಪಾತ್ರೆಯಲ್ಲಿ ಹಾಲು ಎಂದು ಕೇಳಿ, "ಬೀಗಿತ್ತಿ ನನ್ನನ್ನು ನೋಡಲಿಕ್ಕೆ ಹಾಲು ಹಿಡ್ಕೊಂಡು ಬಂದಿದ್ದಾರೆ" ಎಂದು ಖುಷಿಪಟ್ಟರು. ಬೆಲ್ಲ ನೀರು ಕುಡಿದು, ಆರೋಗ್ಯ ವಿಚಾರಿಸಿ, ಮಾಮಿ ನನ್ನನ್ನು ಹಿತ್ತಲಿನ ಜಗಲಿಗೆ ಕರೆದರು. ವಿಷಯವನ್ನೆಲ್ಲ ಹೇಳಿ ಪಾತ್ರೆ ಚಾಚಿದರು.

"ನೀನೇ ನೋಡು ಮಗಾ. ನನಗೆ ವಾಸನೆ ಇಲ್ಲ. ಆ ಜ್ವರದ ಮೇಲೆ ಏನೂ ಇಲ್ಲ. ಮಲ್ಲಿಗೆಯದ್ದೂ ಇಲ್ಲ, ಮೀನಿನದ್ದೂ ಇಲ್ಲ."

ಇಷ್ಟು ದಿನ ಇಬ್ಬರಿಗೂ ಗೊತ್ತಿದ್ದ ಮಾತೇ. ಆದರೂ ಅವರ ಬಾಯಿಂದ ಬಂದದ್ದು ಇದೇ ಮೊದಲ ಸಲ. ಬಟ್ಟೆ ಬಿಚ್ಚಿ ಮುಚ್ಚಳ ತೆಗೆದೆ. ಮೂಸುವ ಅಗತ್ಯವೇ ಇರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ, ಎರಡು ಬಸ್ಸಿನ ಕುಲುಕಾಟದಲ್ಲಿ, ಹಾಲು ಒಡೆದು ನೀರು ಬೇರೆ ಗಡ್ಡೆ ಬೇರೆ ಆಗಿತ್ತು.

"ಒಡೆದಿದೆ ಮಾಮಿ."

"ಅದು ಕಾಣ್ತದೆ. ಬೆಳಿಗ್ಗೆ ಹೇಗಿತ್ತು?"

"ಅದನ್ನು ಈಗ ಹೇಳುವುದು ಹೇಗೆ?"

ಮಾಮಿ ಪಾತ್ರೆಯನ್ನೇ ನೋಡುತ್ತ ನಿಂತರು. ಹತ್ತು ಗಂಟೆ ಕಳೆದೇ ಹೋಗಿತ್ತು. ಇಬ್ಬರೂ ಓಡುನಡಿಗೆಯಲ್ಲಿ ಜಂಕ್ಷನಿನ ಅಂಗಡಿಗೆ ಹೋಗಿ ಅಲ್ಲಿಂದ ಹೋಟೆಲಿಗೆ ಫೋನು ಮಾಡಿದೆವು. ರಿಸೀವರು ನನ್ನ ಕಿವಿಯಲ್ಲಿ, ನನ್ನ ಪಕ್ಕಕ್ಕೆ ಒತ್ತಿಕೊಂಡು ಮಾಮಿಯ ಕಿವಿ. ಆ ಹಾಲು ಬಳಸಬೇಡಿ ಎಂದು ನಾನು ಹೇಳುವ ಮೊದಲೇ ಗಂಡ ಶುರುಮಾಡಿದರು.

"ಪಾಯಸ ಆಯಿತು ಮಾರಾಯ್ತಿ. ಹತ್ತು ಗಂಟೆವರೆಗೆ ಕಾದೆ, ಅಮ್ಮನ ಸುದ್ದಿ ಇಲ್ಲ. ಕೊನೆಗೆ ಒಂದೊಂದೇ ಪ್ಯಾಕೆಟ್ ಬೇರೆ ಪಾತ್ರೆಯಲ್ಲಿ ಕುದಿಸಿ ನೋಡಿದೆ. ಒಂದೂ ಒಡೆಯಲಿಲ್ಲ. ಕೆಟ್ಟಿದ್ದರೆ ಕುದಿಸುವಾಗ ಒಡೀತದಲ್ಲ? ಇಷ್ಟು ಸುಲಭ ಉಂಟು, ಇಷ್ಟು ವರ್ಷ ತಲೆಗೇ ಹೋಗಲಿಲ್ಲ ನೋಡು."

ನನ್ನ ತಲೆಗೆ ಹೋಗಿತ್ತು. ಹುಳಿ ಹತ್ತಿದ ಹಾಲು ಕುದಿಗೆ ನಿಲ್ಲುವುದಿಲ್ಲ ಎಂಬುದಕ್ಕೆ ಕೆಮಿಸ್ಟ್ರಿ ಓದಬೇಕಾಗಿಲ್ಲ; ಹಾಲು ಕಾಯಿಸುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಮಾಮಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಅಂದು ಸಂಜೆಯವರೆಗೆ ಮಾಮಿ ನಮ್ಮ ಮನೆಯಲ್ಲೇ ಕುಳಿತರು. ಒಂದು ತುತ್ತೂ ಉಣ್ಣಲಿಲ್ಲ. "ನೂರು ಜನ, ಅದರಲ್ಲಿ ಸಣ್ಣ ಮಕ್ಕಳೂ ಇರ್ತಾರೆ" ಎಂದು ಮತ್ತೆ ಮತ್ತೆ ಹೇಳಿದರು. ಐದು ಗಂಟೆಗೆ ಇನ್ನೊಮ್ಮೆ ಫೋನು ಮಾಡಿದೆವು. ಯಾರಿಗೂ ಏನೂ ಆಗಿರಲಿಲ್ಲ. ಹುಡುಗನ ಕಡೆಯವರು ಮೂರು ಮೂರು ಸಲ ಪಾಯಸ ಬಡಿಸಿಕೊಂಡಿದ್ದರು. ಎರಡು ದಿನ ಹಳೆಯ ಹಾಲಿಗೆ ಅಷ್ಟು ಹೊಗಳಿಕೆ ಸಿಕ್ಕಿದ್ದು ಮೊದಲ ಸಲ ಇರಬೇಕು. ಮಾಮಿ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಅನ್ನ ಕೇಳಿ ಉಂಡರು. ರಾತ್ರಿಯಾಗುವ ಮೊದಲು ನಾನೇ ಅವರನ್ನು ಕರೆದುಕೊಂಡು ಕಾವೂರಿಗೆ ಬಂದೆ. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಅವನಿಗೆ ಹೇಳಬೇಡ."

ಹೇಳುವ ಅಗತ್ಯ ಬೀಳಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಗಂಡ ಕೇಳಿದಾಗ, "ಬೀಗಿತ್ತಿಯ ಕಣ್ಣು ನೋಡಲಿಕ್ಕೆ" ಎಂದರು ಮಾಮಿ. ಗಂಡ ನಂಬಿದರು. ಅವರಿಗೆ ತಾವು ಕಂಡುಹಿಡಿದ ಉಪಾಯದ ಖುಷಿಯೇ ಇಳಿದಿರಲಿಲ್ಲ. ರಾತ್ರಿ ಊಟಕ್ಕೆ ಕುಳಿತು ಅದನ್ನೇ ಎರಡು ಸಲ ವಿವರಿಸಿದರು. ಮೊಸರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಸಾಕು, ಬೆಣ್ಣೆಯನ್ನು ಅಡುಗೆಯವನೇ ನೋಡುತ್ತಾನೆ, ಬೆಳಗಿನ ಓಡಾಟದ ಪೆಟ್ರೋಲಿಗೆ ಹಾಕುವ ದುಡ್ಡೂ ಉಳಿಯಿತು ಎಂದರು. ಮಾಮಿ ಅನ್ನಕ್ಕೆ ಸಾರು ಕಲಸುತ್ತ, "ಒಳ್ಳೆಯದಾಯಿತು" ಎಂದರು.

ಮರುದಿನ ಬೆಳಿಗ್ಗೆ ಮಾಮಿ ಎಂದಿನಂತೆ ಮುಖ ತೊಳೆದು, ಕುಂಕುಮ ಇಟ್ಟು, ಜಗಲಿಯ ಬೆಂಚಿನಲ್ಲಿ ಕುಳಿತರು. ಏಳು ಗಂಟೆಯಾಯಿತು. ಏಳೂವರೆಯಾಯಿತು. ರಸ್ತೆಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಅವರ ಕತ್ತು ಗೇಟಿನ ಕಡೆ ತಿರುಗುತ್ತಿತ್ತು. ನಾನು ಚಾ ತಂದು ಪಕ್ಕದಲ್ಲಿಟ್ಟೆ. ಅವರು ಮುಟ್ಟಲಿಲ್ಲ. ಎಂಟೂವರೆಯ ಹೊತ್ತಿಗೆ, ನನ್ನ ಮುಖ ನೋಡದೆ ಕೇಳಿದರು:

"ಎಂತ, ಇವತ್ತು ಹೋಟೆಲಿಗೆ ರಜೆಯಾ?"

ನಮ್ಮ ಹೋಟೆಲಿಗೆ ವರ್ಷದಲ್ಲಿ ಒಂದು ದಿನವೂ ರಜೆ ಇರಲಿಲ್ಲ. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

"ಹೌದು ಮಾಮಿ, ರಜೆ" ಎಂದೆ.

"ಹಾಗಾದರೆ ನಾಳೆ ಬರ್ತಾನೆ" ಎಂದು ಹೇಳಿ, ಅವರು ತಣ್ಣಗಾದ ಚಾ ಎತ್ತಿ ಕುಡಿದರು.