ರಸ್ತೆಯಾಚೆಯ ಚಾರೋಳಿ

ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಸ್ಯಶಾಸ್ತ್ರದ ಮೇಡಂ ಕಾಡಿಗೆ ಹೋದರೆ ಮೇಲೆ ನೋಡುತ್ತಲೇ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರದ ಬುಡದಲ್ಲಿ ಕೂತು, ಒಣಗಿದ ಎಲೆಗಳನ್ನು ಬೆರಳಿನಿಂದ ಸರಿಸುತ್ತಿದ್ದರು. "ದೊಡ್ಡ ಮರ ಇರ್ತಾವರಿ, ಮರಿಗಿಡ ಎಲ್ಲಿ ಅದಾವ ಹುಡುಕ್ರಿ" ಎನ್ನುವುದು ಅವರ ಮಾತು.

ಐಟಿ ಕಂಪನಿಗಳು ಬಂದು ಊರ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ಅಲ್ಲಿನ ಕುರುಚಲು ಕಾಡನ್ನು ಹೊಸ ರಸ್ತೆಯೊಂದು ಎರಡು ತುಂಡು ಮಾಡಿತ್ತು. ಸಣ್ಣ ತುಂಡಿನಲ್ಲಿ ಉಳಿದ, ಸಿಹಿತಿಂಡಿಗೆ ಹಾಕುವ ಬೀಜ ಕೊಡುವ ಚಾರೋಳಿ ಮರಗಳು ಹಸಿರಾಗಿಯೇ ಇದ್ದವು.

"ಕಾಡು ಛಲೋನ ಐತಲ್ರಿ, ಮೇಡಂ" ಎಂದೆ.

ಅವರು ನೆಲ ತೋರಿಸಿದರು. ಎಲ್ಲೆಲ್ಲೂ ಬೇವಿನ ಸಸಿಗಳೇ, ಚಾರೋಳಿಯದು ಒಂದೂ ಇರಲಿಲ್ಲ.

"ಚಾರೋಳಿ ಬೀಜ ಹರಡೋ ಪ್ರಾಣಿ ಈ ರಸ್ತೆ ದಾಟೂದಿಲ್ಲ. ನೆಲಾನೂ ಒಣಗೇತಿ. ಈ ಮುದಿ ಮರ ಬಿದ್ದ ದಿನ ಆ ಜಾತಿನೂ ಇಲ್ಲಿಂದ ಹೋತು."

ಆ ಬೇಸಿಗೆ ಅವರು ದೊಡ್ಡ ತುಂಡಿನಿಂದ ಚೀಲದ ತುಂಬ ಚಾರೋಳಿ ಹಣ್ಣು ತಂದರು. ಕೊಡೆ ಎತ್ತಿ ಕಾರುಗಳನ್ನು ನಿಲ್ಲಿಸಿ, ನನ್ನ ಕೈ ಹಿಡಿದು ರಸ್ತೆ ದಾಟಿದರು. ಪೊದೆಗಳ ನೆರಳಿನಲ್ಲಿ ಇಬ್ಬರೂ ಬೀಜ ಊರಿದೆವು.

ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಮತ್ತೆ ಹೋದೆವು. ಮೇಡಂ ಕೆಸರಿನಲ್ಲಿಯೇ ಬೋರಲು ಮಲಗಿಬಿಟ್ಟರು. ಮೂಗಿನೆದುರು ಪುಟ್ಟದೊಂದು ಚಾರೋಳಿ ಸಸಿ. ನಾನೂ ಪಕ್ಕದಲ್ಲಿ ಕುಕ್ಕರಿಸಿದೆ. ಅವರು ಎದ್ದವರೇ ರಸ್ತೆಯಂಚಿಗೆ ಓಡಿ, ಕಂಪನಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳನ್ನು "ಇಟು ರಾ ಅಮ್ಮಾ, ಚೂಡು" ಎಂದು, ಈ ಕಡೆ ಬಂದು ನೋಡು ಅಂತ ತೆಲುಗಿನಲ್ಲಿ ಕರೆದು ತಂದರು. ಕೊರಳಿನ ಗುರುತಿನ ಚೀಟಿ ಹಿಂದಕ್ಕೆ ಹಾಕಿಕೊಂಡು ಅವಳೂ ಮೊಣಕಾಲೂರಿದಳು.

ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅಷ್ಟರಲ್ಲಿ ಆ ಹುಡುಗಿಗೆ ಇನ್ನೊಂದು ಸಸಿ ಸಿಕ್ಕಿತ್ತು.